ಊರ ಹಳ್ಳವೂ ಅದರ ದಂಡೆಯ ಗ್ರಾಮಗಳೂ
(ಜಮೀನುದಾರರಿಗೂ ಗ್ರಾಮದ ಮುಖಂಡರಿಗೂ ತಿಳಿವಳಿಕೆ)

ಕೆರೆಗೆ ಒಡೆಯರುಂಟು, ಬಾವಿಗೆ ಒಡೆಯರುಂಟು, ಹಳ್ಳಕ್ಕೆ ಮಾತ್ರ ಒಡೆಯರಿಲ್ಲವೆಂಬ ಭಾವನೆಯು ಗ್ರಾಮಾಂತರಗಳಲ್ಲಿ ಬಹುವಾಗಿ ರೂಢವಾಗಿರುವುದು. ಕೆರೆಯ ಏರಿ ಬಿರಿಯಿತೆಂದರೆ ಊರೆಲ್ಲವೂ ಗುದ್ದಲಿ ಮಂಕರಿಗಳೊಡನೆ ಓಡಿಬರುವುದು; ಹಳ್ಳದ ದಂಡೆಯು ಕುಸಿದರೆ ತಿರುಗಿ ನೋಡುವವರಿಲ್ಲ. ಆದರೆ ಕೆರೆಯನ್ನು ತುಂಬುವುದು ಹಳ್ಳವೇ. ತೋಟದ ಬಾವಿಗೆ ಒರತೆಯನ್ನು ಕೊಡುವುದೂ ಹಳ್ಳವೇ. ಬೇಸಿಗೆಯಲ್ಲಿ ದನಕರುಗಳ ದಾಹವನ್ನು ತೀರಿಸುವುದೂ ಅದೇ. ಹಳ್ಳವು ಕೆಟ್ಟ ಕೆಲವು ವರ್ಷಗಳೊಳಗಾಗಿ ಕೆರೆಯೂ ಬಾವಿಯೂ ಕೆಡುವುವು. ಆದಕಾರಣ ಹಳ್ಳದ ಸ್ವಭಾವವೇನು, ಅದನ್ನು ನಂಬಿದವರು ಯಾರು, ಅದು ಕೆಡುವುದು ಹೇಗೆ, ಕೆಟ್ಟುದನ್ನು ಸರಿಪಡಿಸುವ ಬಗೆ ಯಾವುದು ಎಂಬ ವಿಷಯಗಳನ್ನು ಪ್ರತಿಯೊಬ್ಬ ಜಮೀನುದಾರನೂ ತಿಳಿದಿರುವುದು ಅವಶ್ಯಕ.

1. ಹಳ್ಳದ ಹುಟ್ಟು

ಹಳ್ಳವೆಂದರೆ ನೀರು ಹರಿಯುವ ತಗ್ಗು ಮಾತ್ರವಲ್ಲ. ಯಾವ ಯಾವ ಗುಡ್ಡ, ಗೋಮಾಳ, ಹೊಲ, ದಿಣ್ಣೆಗಳ ಮೇಲೆ ಬಿದ್ದ ಮಳೆಯು ಆ ತಗ್ಗಿಗೆ ಇಳಿದು ಬರುವುದೋ ಆ ಭೂಮಿಯೆಲ್ಲವೂ ಹಳ್ಳಕ್ಕೆ ಸೇರಿದುದೇ. ಇದಕ್ಕೆ ಜಲಾನಯನ ಪ್ರದೇಶವೆಂದು ಹೆಸರು.

ತುಮಕೂರಿನ ಸಮೀಪದಲ್ಲಿರುವ ದೇವರಾಯನದುರ್ಗದ ಬೆಟ್ಟಸಾಲು ಇದಕ್ಕೆ ಒಳ್ಳೆಯ ದೃಷ್ಟಾಂತ. ಒಂದೇ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷೆಯು ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುವುದು. ಜಯಮಂಗಲಿಯು ಈಶಾನ್ಯಕ್ಕೆ ತಿರುಗಿ ಕೊರಟಗೆರೆ ಮಧುಗಿರಿ ಸೀಮೆಗಳಲ್ಲಿ ಹಾದು ಆಂಧ್ರದ ಗಡಿಯ ಬಳಿ ಉತ್ತರ ಪಿನಾಕಿನಿಯನ್ನು ಕೂಡುವುದು. ಬೆಟ್ಟದ ನೆತ್ತಿಯ ಮೇಲೆ ಒಂದು ಮಾರು ಅಂತರದಲ್ಲಿ ಬಿದ್ದ ಎರಡು ಹನಿಗಳು ಎರಡು ಬೇರೆ ಬೇರೆ ಸೀಮೆಗಳ ಪಾಲಾಗುವುವು. ಇಂತಹ ನದಿಗಳಿಗೆ ಅಲ್ಲಲ್ಲಿ ಬಂದು ಸೇರುವ ಹೆಸರಿಲ್ಲದ ಹಳ್ಳಗಳು ಅನೇಕ. ಒಂದೊಂದರ ದಂಡೆಯಲ್ಲಿಯೂ ಎರಡು ನಾಲ್ಕು ಗ್ರಾಮಗಳಿದ್ದು, ಮೇಲಿನ ಊರಿನವರು ಮಾಡಿದ ಕೆಲಸದ ಫಲವನ್ನು ಕೆಳಗಿನ ಊರಿನವರು ಉಣ್ಣಬೇಕಾಗಿರುವುದು.

2. ಮಳೆಯ ಲೆಕ್ಕ

ಒಂದು ಎಕರೆ ಭೂಮಿಯ ಮೇಲೆ ಒಂದು ಅಂಗುಲ ಮಳೆಯಾದರೆ ಬೀಳುವ ನೀರು ಸುಮಾರು 22,600 ಗ್ಯಾಲನ್, ಅಂದರೆ ಒಂದು ಲಕ್ಷ ಲೀಟರಿಗೂ ಮಿಗಿಲು. ಹಳ್ಳವೊಂದಕ್ಕೆ 500 ಎಕರೆ ಜಲಾನಯನ ಪ್ರದೇಶವಿರುವುದೆಂದೂ, ಒಂದು ಅಂಗುಲ ಮಳೆಯಲ್ಲಿ ಐದನೆಯ ಒಂದು ಪಾಲು ಹರಿದು ಬರುವುದೆಂದೂ ಇಟ್ಟುಕೊಂಡರೆ, ಒಂದೇ ಸಂಜೆಯ ಮಳೆಗೆ 22 ಲಕ್ಷ ಗ್ಯಾಲನಿಗಿಂತ ಹೆಚ್ಚು ನೀರು ಹಳ್ಳಕ್ಕೆ ಇಳಿಯುವುದು. ಬಯಲುಸೀಮೆಯ ಈ ಭಾಗದಲ್ಲಿ ಜೋರಾದ ಮಳೆಗಳು ಹೆಚ್ಚಾಗಿ ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಆಗುವುವಾದುದರಿಂದ, ವರ್ಷದ ನೀರಿನ ಬಹುಭಾಗವು ಕೆಲವೇ ದಿವಸಗಳಲ್ಲಿ ಬಂದು ಹೋಗುವುದು. ಆ ಕೆಲವು ದಿವಸಗಳ ನೀರು ನಿಂತಿತೇ ಓಡಿತೇ ಎಂಬುದರ ಮೇಲೆ ಮುಂದಿನ ಬೇಸಿಗೆಯು ನಿಂತಿರುವುದು.

ನೀರು ಓಡುವ ವೇಗವನ್ನು ಅಲ್ಪವೆಂದು ಎಣಿಸಕೂಡದು. ಪ್ರವಾಹದ ವೇಗವು ಎರಡರಷ್ಟಾದರೆ, ಅದು ಉರುಳಿಸಿಕೊಂಡು ಹೋಗಬಲ್ಲ ಕಲ್ಲಿನ ತೂಕವು ಸುಮಾರು 64ರಷ್ಟಾಗುವುದೆಂದು ಜಲಶಾಸ್ತ್ರಜ್ಞರು ಲೆಕ್ಕ ಮಾಡಿರುವರು. ನಡೆಯುವ ನೀರು ಮಣ್ಣನ್ನು ತರುವುದು; ಓಡುವ ನೀರು ದಂಡೆಯನ್ನೇ ತರುವುದು. ಹೀಗಿರುವುದರಿಂದ ಹಳ್ಳದ ರಕ್ಷಣೆಯ ಮೊದಲನೆಯ ಸೂತ್ರವು ಓಡುವ ನೀರನ್ನು ನಡೆಯಿಸುವುದು, ನಡೆಯುವ ನೀರನ್ನು ನಿಲ್ಲಿಸುವುದು, ನಿಂತ ನೀರನ್ನು ಇಂಗಿಸುವುದು ಎಂಬುದೇ ಆಗಿದೆ.

3. ಮರಳೇ ಹಳ್ಳದ ಕಣಜ

ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರುಗಳವರೆಗೆ ಒಂದು ಗೆರೆಯನ್ನು ಎಳೆದರೆ, ಅದರ ಪೂರ್ವದ ಸೀಮೆಯಲ್ಲಿ ತಲಪರಿಗೆಗಳೆಂಬ ಒರತೆಗಳು ಹಿಂದಿನಿಂದಲೂ ಪ್ರಸಿದ್ಧವಾಗಿದ್ದುವು. ಮೈಸೂರು ಸಂಸ್ಥಾನದ ಗೆಜೆಟಿಯರುಗಳಲ್ಲಿಯೂ ಇವುಗಳ ವರ್ಣನೆಯಿದೆ. ದಕ್ಷಿಣದ ಭಾಗದಲ್ಲಿ ಹಳ್ಳದ ಮರಳನ್ನು ಸ್ವಲ್ಪ ತೋಡಿದರೆ ಸಾಕು, ನೀರು ಮೇಲಕ್ಕೆ ಬರುತ್ತಿತ್ತು. ಪಾವಗಡದ ಕಡೆಯಲ್ಲಿ ಮೆದುವಾದ ಬಂಡೆಯನ್ನು ಕಡಿದ ಬಳಿಕ ಸಿಕ್ಕುತ್ತಿತ್ತು. ಹಾಗೆ ಸಿಕ್ಕಿದ ನೀರನ್ನು ಕಿರುಗಾಲುವೆಯಿಂದ ಗದ್ದೆ ತೋಟಗಳಿಗೆ ಹಾಯಿಸುತ್ತಿದ್ದರು, ಇಲ್ಲವೆ ಕಪಿಲೆ ಬಾವಿಯನ್ನು ಕಟ್ಟಿ ಎತ್ತುಗಳಿಂದ ಎತ್ತುತ್ತಿದ್ದರು. ಜಯಮಂಗಲಿಯ ಮರಳು ಪಾತ್ರವು ಇಂತಹ ಒರತೆಗಳಿಗೆ ಹೆಸರಾಗಿತ್ತು.

ಈ ನೀರು ಎಲ್ಲಿಂದ ಬರುವುದೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಮರಳಿನ ಕಣಗಳ ನಡುವೆ ಇರುವ ತೆರಪಿನಲ್ಲಿ ನೀರು ತುಂಬಿಕೊಳ್ಳುವುದು. ತುಂಬಿದ ಮರಳಿನಿಂದ ಅದರ ಗಾತ್ರದ ಐದನೆಯ ಒಂದು ಪಾಲಿನಷ್ಟು ನೀರು ಮೆಲ್ಲಮೆಲ್ಲನೆ ಬಸಿದು ಬರುವುದು. ಒಂದು ಮೈಲಿ ಉದ್ದ, 50 ಅಡಿ ಅಗಲ, 6 ಅಡಿ ಆಳದ ಮರಳಿರುವ ಹಳ್ಳದಲ್ಲಿ ಸುಮಾರು 15 ಲಕ್ಷ 84 ಸಾವಿರ ಘನ ಅಡಿ ಮರಳಿರುವುದು. ಅದರಿಂದ ಬಸಿಯುವ ನೀರು 3 ಲಕ್ಷ 16 ಸಾವಿರ ಘನ ಅಡಿಗೂ ಮೇಲ್ಪಟ್ಟು, ಅಂದರೆ ಹೆಚ್ಚುಕಡಿಮೆ 20 ಲಕ್ಷ ಗ್ಯಾಲನ್. ಒಂದು ಸಲಕ್ಕೆ 2 ಅಂಗುಲದಂತೆ ಕಟ್ಟಿದರೆ 43 ಎಕರೆ ತೋಟಕ್ಕೆ ಒಂದು ಸರದಿಯ ನೀರು ಇದಾಯಿತು. ಹಳ್ಳವು ಹರಿದಾಗಲೆಲ್ಲ ಈ ಕಣಜವು ಮತ್ತೆ ತುಂಬುವುದು.

ಇನ್ನೊಂದು ವಿಶೇಷವುಂಟು. ಬಯಲುಸೀಮೆಯಲ್ಲಿ ತೆರೆದ ಕೆರೆಯಿಂದ ವರ್ಷಕ್ಕೆ ನಾಲ್ಕೈದು ಅಡಿ ನೀರು ಬಿಸಿಲಿಗೆ ಆವಿಯಾಗಿ ಹೋಗುವುದು. ಮರಳಿನ ಎರಡು ಮೂರು ಅಡಿಯ ಕೆಳಗೆ ಅಡಗಿರುವ ನೀರಿಗೆ ಬಿಸಿಲು ತಾಕುವುದೇ ಅಪರೂಪ.

4. ಹಳ್ಳವನ್ನು ನಂಬಿದವರು

ಹಳ್ಳವು ತೋಟದ ಒಡೆಯನಿಗೆ ಮಾತ್ರ ಸೇರಿದುದಲ್ಲ. ಅಚ್ಚುಕಟ್ಟಿನ ಗದ್ದೆಯವರು, ದಂಡೆಯ ತೆಂಗು ಅಡಕೆಯ ತೋಟದವರು, ಖುಷ್ಕಿ ಹೊಲದವರು ಒಂದು ಕಡೆ. ಕುರಿಯ ಹಿಂಡನ್ನು ನೀರಿಗಿಳಿಸುವ ಕುರುಬರು, ಮಡಿ ಒಗೆಯುವ ಅಗಸರು, ಜೇಡಿಮಣ್ಣನ್ನು ಒಯ್ಯುವ ಕುಂಬಾರರು, ದಂಡೆಯ ಬಿದಿರಿನಿಂದ ಮೊರ ಬುಟ್ಟಿಗಳನ್ನು ಹೆಣೆಯುವ ಮೇದರು, ಮಡುವಿನಲ್ಲಿ ಮೀನು ಹಿಡಿಯುವ ಬೆಸ್ತರು ಇನ್ನೊಂದು ಕಡೆ. ಸ್ವಂತ ಬಾವಿಯಿಲ್ಲದ ಕೂಲಿಗಾರರ ಮನೆಗಳಿಗೆ ಬೇಸಿಗೆಯಲ್ಲಿ ಮರಳಿನ ಒರತೆಯೇ ಗತಿ. ಒರತೆ ಬತ್ತಿದಾಗ ತೋಟದವನು ಮತ್ತಷ್ಟು ಆಳವಾದ ಬಾವಿಯನ್ನು ತೆಗೆಯಿಸಬಲ್ಲನು. ಒಂದು ಕೊಡ ನೀರಿಗೆ ಎರಡು ಮೈಲಿ ನಡೆಯಬೇಕಾದವಳು ಕೂಲಿಗಾರನ ಹೆಂಡತಿ.

ಹಿಂದೆ ಕೆಲವು ಜನರನ್ನು ಊರ ನೀರಿನ ಬಳಿಗೆ ಬಿಡದೆ ಇದ್ದ ಅನ್ಯಾಯವು ಎಲ್ಲರಿಗೂ ತಿಳಿದುದೇ. 1950ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನದ 15ನೆಯ ಅನುಚ್ಛೇದವು, ಸಾರ್ವಜನಿಕರ ಉಪಯೋಗಕ್ಕಾಗಿರುವ ಬಾವಿ, ಕೆರೆ, ಸ್ನಾನಘಟ್ಟಗಳಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ವಿಧಿಸಿರುವುದು. ಮುಖಂಡರಾದವರು ಇದನ್ನು ಕಾಗದದಲ್ಲಿ ಬಿಡದೆ ನಡತೆಯಲ್ಲಿ ತರತಕ್ಕದ್ದು. ಹಳ್ಳದ ಕೆಲಸಕ್ಕೆ ಎಲ್ಲರ ಕೈಯೂ ಬೇಕು. ನೀರಿನಲ್ಲಿ ಪಾಲಿಲ್ಲದವನು ಕೆಲಸದಲ್ಲಿ ಪಾಲುಗೊಳ್ಳಲಾರನು.

5. ಹಳ್ಳವು ಕೆಡುವ ಕಾರಣಗಳು

(ಅ) ಮೇಲ್ಭಾಗ ಬೋಳಾಗುವುದು. ಗುಡ್ಡದ ಪೊದೆ ಹುಲ್ಲುಗಳು ಹೋದ ಮೇಲೆ ಮಳೆಯು ಇಂಗದೆ ಜಾರುವುದು. ಮೊದಲು ಗೇಣು ಆಳದ ಕೊರಕಲು ಬೀಳುವುದು; ಲಕ್ಷ್ಯವಿಡದಿದ್ದರೆ ಅದೇ ಕೆಲವು ವರ್ಷಗಳಲ್ಲಿ ಬಂಡಿ ಇಳಿಯಲಾರದ ಕಮರಿಯಾಗುವುದು.

(ಆ) ಇಳಿಜಾರಿನ ಗುಂಟ ಉಳುವುದು. ಹೀಗೆ ಉತ್ತ ಪ್ರತಿಯೊಂದು ಸಾಲೂ ಒಂದು ಕಾಲುವೆಯಾಗಿ, ಹೊಲದ ಮೆಕ್ಕಲು ಮಣ್ಣನ್ನೂ ಗೊಬ್ಬರವನ್ನೂ ಹಳ್ಳಕ್ಕೆ ಒಪ್ಪಿಸುವುದು.

(ಇ) ದಂಡೆಯ ಒತ್ತುವರಿ. ವರ್ಷಕ್ಕೆ ಒಂದು ಸಾಲಿನಂತೆ ಹಳ್ಳದ ಕಡೆಗೆ ಹೊಲವನ್ನು ಬೆಳೆಯಿಸಿದವನು, ದೊಡ್ಡ ಪ್ರವಾಹವು ಬಂದ ವರ್ಷ ಹತ್ತು ಸಾಲುಗಳನ್ನು ಕಳೆದುಕೊಳ್ಳುವನು. ಇಕ್ಕಟ್ಟಾದ ಹಳ್ಳವು ತನ್ನ ಜಾಗವನ್ನು ತಾನೇ ಬಿಡಿಸಿಕೊಳ್ಳುವುದು.

(ಈ) ಮರಳನ್ನು ಸಾಗಿಸುವುದು. ಎಲ್ಲಕ್ಕಿಂತ ದೊಡ್ಡ ಹಾನಿಯು ಇದೇ. ಹಳ್ಳದ ತಳವು 6 ಅಡಿ ಇಳಿದರೆ ಎರಡು ದಂಡೆಗಳ ಬಾವಿಗಳ ನೀರೂ ಆ ಮಟ್ಟಕ್ಕೆ ಬಸಿದು ಇಳಿಯುವುದು. ಇದಲ್ಲದೆ, ಕೆಳಗಡೆ ತೋಡಿದ ಹೊಂಡದ ಅಂಚು ಮಳೆಗಾಲದಲ್ಲಿ ಕುಸಿಯುತ್ತ ಮೇಲ್ಗಡೆಗೆ ಸರಿಯುವುದು. ಒಂದೂರಿನಲ್ಲಿ ಮರಳನ್ನು ಮಾರಿದರೆ ಮೇಲಿನೂರಿನ ಮರಳೂ ಜಾರಿಬರುವುದು, ಸೇತುವೆಯ ಕಂಬಗಳ ಬುಡವೂ ಬರಿದಾಗುವುದು.

(ಉ) ಕೊಳವೆ ಬಾವಿಗಳ ಅತಿ ಬಳಕೆ. ಕಪಿಲೆಯ ಕಾಲದಲ್ಲಿ ಎತ್ತಿನ ದಣಿವೇ ನೀರಿಗೆ ಮಿತಿಯಾಗಿತ್ತು. ವಿದ್ಯುತ್ ಪಂಪುಗಳೂ ಕೊಳವೆ ಬಾವಿಗಳೂ ಹರಡಿದ ಮೇಲೆ ಆ ಮಿತಿಯು ಹೋಯಿತು. ಮಳೆಯು ಇಂಗಿಸಿದುದಕ್ಕಿಂತ ಹೆಚ್ಚನ್ನು ಎತ್ತುವ ಕಡೆಗಳಲ್ಲಿ, ಹಿಂದೆ ಹಳ್ಳಕ್ಕೆ ಬಸಿಯುತ್ತಿದ್ದ ನೀರು ಹಳ್ಳವನ್ನು ಬಿಟ್ಟು ಆಳಕ್ಕೆ ಇಳಿಯುವುದು. ಅನೇಕ ತಲಪರಿಗೆಗಳು ಬತ್ತಿದುದಕ್ಕೆ ಮರಳಿನ ಸಾಗಾಟವೂ ಈ ಅತಿ ಬಳಕೆಯೂ ಕೂಡಿ ಕಾರಣವಾಗಿವೆ.

ಮರಳನ್ನು ಮಾರುವವನು ಒಂದು ಲಾರಿಯ ಹಣವನ್ನು ಮಾತ್ರ ಎಣಿಸುವನು. 200 ಘನ ಅಡಿ ಮರಳು ಒಂದು ಸಲ ತುಂಬಿದರೆ 40 ಘನ ಅಡಿ, ಅಂದರೆ ಸುಮಾರು 250 ಗ್ಯಾಲನ್ ನೀರನ್ನು ಕೊಡುತ್ತಿತ್ತು. ವರ್ಷದಲ್ಲಿ ನಾಲ್ಕು ಸಲ ಹಳ್ಳ ಹರಿದರೆ ಸಾವಿರ ಗ್ಯಾಲನ್. ಅದು ಅವನ ಕಾಲಕ್ಕೂ ಅವನ ಮಕ್ಕಳ ಕಾಲಕ್ಕೂ ನಿಲ್ಲದೆ ಬರುತ್ತಿದ್ದ ಉತ್ಪತ್ತಿ. ಹಣವು ಒಂದು ಸಲ ಬರುವುದು, ನಷ್ಟವು ಪ್ರತಿ ವರ್ಷವೂ ಬರುವುದು. ಹಣವು ಒಬ್ಬನಿಗೆ, ನಷ್ಟವು ದಂಡೆಯವರೆಲ್ಲರಿಗೆ.

6. ಸರಿಪಡಿಸುವ ಕೆಲಸಗಳು

ಕೆಲಸವನ್ನು ಯಾವಾಗಲೂ ಮೇಲಿನಿಂದ ಆರಂಭಿಸಿ ಕೆಳಕ್ಕೆ ಬರತಕ್ಕದ್ದು. ಮೇಲ್ಭಾಗವನ್ನು ಬಿಟ್ಟು ಕೆಳಗೆ ಕಟ್ಟಿದ ಅಡ್ಡಗಟ್ಟೆಯು ಎರಡು ಮಳೆಗಾಲಗಳಲ್ಲಿ ಹೂಳಿನಿಂದ ತುಂಬುವುದು, ಇಲ್ಲವೆ ಕೊಚ್ಚಿಹೋಗುವುದು.

ಮೇಲ್ಭಾಗದಲ್ಲಿ: ಗುಡ್ಡದ ಬುಡದಲ್ಲಿಯೂ ಗೋಮಾಳದಲ್ಲಿಯೂ ಸ್ವಲ್ಪ ಭಾಗವನ್ನು ಎರಡು ಮೂರು ವರ್ಷ ಮೇಯಿಸದೆ ಬಿಟ್ಟು, ಆ ಮೇಲೆ ಬೇರೊಂದು ಭಾಗವನ್ನು ಬಿಡತಕ್ಕದ್ದು. ಹೀಗೆ ಸರದಿಯಿಂದ ಬಿಟ್ಟರೆ ಹುಲ್ಲು ಹಿಡಿಯುವುದು, ಕುರಿಗಾರರಿಗೂ ಸಂಕಟವಾಗದು. ಹುಲ್ಲನ್ನು ಕುಯ್ದು ಒಯ್ಯಲು ಅಡ್ಡಿಯಿಲ್ಲ. ಕೊರಕಲುಗಳಿಗೆ ಕಾಡುಕಲ್ಲಿನ ತಡೆಗಳನ್ನು ಇಡತಕ್ಕದ್ದು. ತಡೆಯ ಎತ್ತರವು ಎರಡು ಮೂರು ಅಡಿಗಳಿಗೆ ಮೀರಕೂಡದು. ಎರಡು ತುದಿಗಳನ್ನು ದಂಡೆಯೊಳಕ್ಕೆ ಒಂದೂವರೆ ಅಡಿಯಷ್ಟು ಕಡಿದು ಸೇರಿಸಬೇಕು. ನಡುಭಾಗವು ತುದಿಗಳಿಗಿಂತ ತಗ್ಗಾಗಿರಬೇಕು. ನೀರು ಧುಮುಕುವ ಕಡೆಯಲ್ಲಿ ದಪ್ಪ ಕಲ್ಲುಗಳನ್ನು ಹಾಸಬೇಕು. ಕೆಳಗಿನ ತಡೆಯ ನೆತ್ತಿಯು ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರುವಂತೆ ಅಂತರವನ್ನು ಇಟ್ಟುಕೊಳ್ಳತಕ್ಕದ್ದು.

ಹೊಲಗಳಲ್ಲಿ: ಇಳಿಜಾರಿಗೆ ಅಡ್ಡಲಾಗಿಯೇ ಉತ್ತು ಬಿತ್ತತಕ್ಕದ್ದು. ನೂರು ಅಡಿಗೆ ಎರಡು ಅಡಿ ಇಳಿಜಾರಿರುವ ಹೊಲದಲ್ಲಿ ಸುಮಾರು 150 ಅಡಿಗೆ ಒಂದರಂತೆ ಸಮಮಟ್ಟದ ಬದುಗಳನ್ನು ಹಾಕಿ, ಹೆಚ್ಚಿನ ನೀರಿಗೆ ಕಲ್ಲಿನ ಕೋಡಿಯನ್ನು ಬಿಡಬೇಕು. ಕೋಡಿಯಿಲ್ಲದ ಬದುವು ಒಡೆಯುವುದು ನಿಶ್ಚಯ. ಬದುವಿನ ಮೇಲೆ ಲಾವಂಚದ ಬುಡಗಳನ್ನು ಒತ್ತಾಗಿ ನೆಟ್ಟರೆ ಜೀವಂತವಾದ ಗೋಡೆಯಾಗುವುದು. ಗುಂಡ್ಲುಪೇಟೆಯ ಸೀಮೆಯ ರೈತರು ಬಹುಕಾಲದಿಂದ ಹೊಲದ ಎಲ್ಲೆಗೆ ಲಾವಂಚವನ್ನೇ ಇಟ್ಟುಕೊಂಡು ಬಂದಿರುವರು. ಅದರ ಬೇರು ನೇರವಾಗಿ ಆಳಕ್ಕೆ ಇಳಿಯುವುದರಿಂದ ಪಕ್ಕದ ಪೈರಿಗೆ ತೊಂದರೆಯು ಸ್ವಲ್ಪವೇ.

ದಂಡೆಗಳಲ್ಲಿ: ಅಂಚಿನಿಂದ 15 ಅಡಿಯಷ್ಟು ಭೂಮಿಯನ್ನು ಉಳದೆ ಬಿಡತಕ್ಕದ್ದು. ನೀರಿನ ಅಂಚಿಗೆ ಲಕ್ಕಿ, ಲಾವಂಚ, ಬಿದಿರು. ಅದರ ಮೇಲೆ ಹೊಂಗೆ, ಹೊಳೆಮತ್ತಿ, ನೇರಳೆಗಳನ್ನು ಬೆಳೆಯಿಸಬೇಕು. ಇದು ನಷ್ಟದ ಭೂಮಿಯೆಂದು ತಿಳಿಯಕೂಡದು. ಹೊಂಗೆಯ ಸೊಪ್ಪು ಗದ್ದೆಗೆ ಹಸುರು ಗೊಬ್ಬರ, ಬೀಜ ಎಣ್ಣೆಗೆ, ಹಿಂಡಿ ತೋಟಕ್ಕೆ ಒದಗುವುವು. ನೀಲಗಿರಿಯನ್ನು ಹಳ್ಳದ ಬಳಿ ನೆಡಕೂಡದು. ಅಂತರ್ಜಲದ ಹಿತಕ್ಕಾಗಿ ಹೊಸದಾಗಿ ನೀಲಗಿರಿ ನೆಡುವುದನ್ನು ಕರ್ನಾಟಕ ಸರ್ಕಾರವು 2017ರಲ್ಲಿ ನಿಷೇಧಿಸಿತು.

ಪಾತ್ರದಲ್ಲಿ: ಉಳಿದಿರುವ ಮರಳನ್ನು ಮುಟ್ಟದಿರುವುದೇ ದೊಡ್ಡ ಕೆಲಸ. ಮನೆ ಕಟ್ಟುವವರಿಗೆ ಕಲ್ಲನ್ನು ಪುಡಿಮಾಡಿ ತಯಾರಿಸಿದ ಎಂ-ಸ್ಯಾಂಡ್ ಈಗ ದೊರೆಯುವುದರಿಂದ, ಹಳ್ಳವನ್ನು ಬರಿದುಮಾಡಲು ನೆಪವಿಲ್ಲ. ಸತ್ತ ದನವನ್ನೂ ಊರಿನ ಕಸವನ್ನೂ ಔಷಧ ಸಿಂಪಡಿಸಿದ ಡಬ್ಬಿಗಳನ್ನೂ ಹಳ್ಳಕ್ಕೆ ಎಸೆಯಕೂಡದು. ಮೇಲಿನೂರಿನವರು ಎಸೆದುದನ್ನು ಕೆಳಗಿನೂರಿನವರು ಕುಡಿಯಬೇಕಾಗುವುದು.

7. ನೀರನ್ನು ಅಳೆಯುವ ಕ್ರಮ

ನೀರಿನ ವ್ಯಾಜ್ಯಗಳಲ್ಲಿ ಬಹುಪಾಲು ಅಳತೆಯಿಲ್ಲದ ಕಾರಣದಿಂದ ಹುಟ್ಟುವುವು. ಹರಿಯುವ ನೀರನ್ನು ಅಳೆಯಲು ಯಂತ್ರವು ಬೇಕಿಲ್ಲ. ಹಳ್ಳವು ನೆಟ್ಟಗೆ ಹರಿಯುವ ಕಡೆಯಲ್ಲಿ 50 ಅಡಿ ದೂರವನ್ನು ಗುರುತು ಮಾಡಿ, ಒಣಗಿದ ಕಡ್ಡಿಯೊಂದನ್ನು ತೇಲಿಬಿಟ್ಟು, ಅದು ಎಷ್ಟು ಸೆಕೆಂಡುಗಳಲ್ಲಿ ಕೆಳಗಿನ ಗುರುತನ್ನು ಮುಟ್ಟುವುದೆಂದು ನೋಡತಕ್ಕದ್ದು. ಮೂರು ಸಲ ನೋಡಿ ಸರಾಸರಿಯನ್ನು ತೆಗೆದುಕೊಳ್ಳಬೇಕು.

ದೃಷ್ಟಾಂತ: ನೀರಿನ ಅಗಲ 3 ಅಡಿ, ಸರಾಸರಿ ಆಳ 4 ಅಂಗುಲ; ಅಡ್ಡಕೊಯ್ತದ ವಿಸ್ತಾರ 1 ಚದರಡಿ. ಕಡ್ಡಿಯು 50 ಸೆಕೆಂಡಿಗೆ 50 ಅಡಿ ಹೋದರೆ ವೇಗವು ಸೆಕೆಂಡಿಗೆ 1 ಅಡಿ. ತಳದ ನೀರು ಮೇಲಿನದಕ್ಕಿಂತ ನಿಧಾನವಾಗಿ ಹರಿಯುವುದರಿಂದ ಮುಕ್ಕಾಲು ಪಾಲನ್ನು ಹಿಡಿಯಬೇಕು. ಹರಿವು ಸೆಕೆಂಡಿಗೆ ಮುಕ್ಕಾಲು ಘನ ಅಡಿಯಾಯಿತು. ಸೆಕೆಂಡಿಗೆ ಒಂದು ಘನ ಅಡಿಯ ಹರಿವು ಹಗಲಿರುಳು ಹರಿದರೆ ದಿನಕ್ಕೆ ಸುಮಾರು 24 ಎಕರೆಗೆ ಒಂದು ಅಂಗುಲದಷ್ಟು ನೀರಾಗುವುದು. ಮುಕ್ಕಾಲಿಗೆ 18 ಎಕರೆ. ಎರಡು ಅಂಗುಲದಂತೆ ಕಟ್ಟಿದರೆ ದಿನಕ್ಕೆ 9 ಎಕರೆ.

ತಿಂಗಳಿಗೊಮ್ಮೆ ಹೀಗೆ ಅಳೆದು, ಹತ್ತಿರದ ನಾಲ್ಕು ಬಾವಿಗಳ ನೀರಿನ ಮಟ್ಟದೊಡನೆ ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಸಂಕ್ರಾಂತಿಯ ಹೊತ್ತಿಗೆ ಹರಿವು ಎಷ್ಟಿದೆಯೆಂದು ತಿಳಿದರೆ ಬೇಸಿಗೆ ಬೆಳೆಯನ್ನು ಎಷ್ಟು ಎಕರೆ ಇಡಬಹುದೆಂಬುದನ್ನು ಮುಂದಾಗಿಯೇ ನಿರ್ಣಯಿಸಬಹುದು. ನೀರು ಕಡಮೆಯಿರುವ ವರ್ಷ ಭತ್ತವನ್ನು ಬಿಟ್ಟು ರಾಗಿ, ಹುರುಳಿ, ಅವರೆಗಳಿಗೆ ತಿರುಗುವುದು ವಿವೇಕ.

8. ಮುಖಂಡರ ಕರ್ತವ್ಯ

ಹಿಂದೆ ಪಟೇಲ, ಶಾನುಭೋಗ, ನೀರುಗಂಟಿಗಳು ಊರ ನೀರಿನ ಜವಾಬ್ದಾರಿಯನ್ನು ಹೊತ್ತಿದ್ದರು. ಎಲ್ಲರ ಗದ್ದೆಗೂ ನೀರನ್ನು ಬಿಡುವವನು ನೀರುಗಂಟಿಯೊಬ್ಬನೇ. ಜಮೀನುದಾರನು ತಾನಾಗಿ ತೂಬನ್ನು ಮುಟ್ಟುವಂತಿರಲಿಲ್ಲ. 1911ರಲ್ಲಿ ಮೈಸೂರು ಸಂಸ್ಥಾನವು ಕೆರೆ ಪಂಚಾಯಿತಿಗಳ ಕಾಯಿದೆಯನ್ನು ಮಾಡಿ ಗ್ರಾಮಸ್ಥರ ಕೈಗೆ ಅಧಿಕಾರವನ್ನು ಕೊಡಲು ಯತ್ನಿಸಿತು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದುವು. ಹುಟ್ಟಿನಿಂದ ಬರುತ್ತಿದ್ದ ಅಧಿಕಾರವು ಹೋದುದು ಯುಕ್ತವೇ. ಆದರೆ ಅದರೊಡನೆ ಹಳ್ಳದ ಕೆಲಸವೂ ಕೈಬಿಟ್ಟುಹೋದುದು ನಷ್ಟ. 1993ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಏರ್ಪಟ್ಟ ಗ್ರಾಮ ಪಂಚಾಯಿತಿಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳತಕ್ಕದ್ದು.

ಮುಖಂಡರು ಮೊದಲು ಗ್ರಾಮದ ಸರ್ವೆ ನಕ್ಷೆಯನ್ನು ತರಿಸಿ ನೋಡಬೇಕು. ಹಳ್ಳವು ಅದರಲ್ಲಿ ‘ಬ’ ಖರಾಬೆಂದು ತೋರಿಸಲ್ಪಟ್ಟಿರುವುದು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೆಯ ಪ್ರಕರಣದಂತೆ ಹೊಳೆ ಹಳ್ಳಗಳು ಸರ್ಕಾರದ ಸ್ವತ್ತು. ಒತ್ತುವರಿಗೆ ಕಾಲದಿಂದ ಹಕ್ಕು ಬಂದಿತೆಂಬ ವಾದವನ್ನು ಕೇಳಕೂಡದು. ಚಿಕ್ಕ ಪ್ರಮಾಣದ ಮರಳು ಗಣಿಗೂ ಪರಿಸರದ ಅನುಮತಿಯು ಬೇಕೆಂದು ಸರ್ವೋಚ್ಚ ನ್ಯಾಯಾಲಯವು 2012ರ ಫೆಬ್ರವರಿಯಲ್ಲಿ ಆಜ್ಞಾಪಿಸಿತು. ರಾಜ್ಯದ 2011ರ ಅಂತರ್ಜಲ ಕಾಯಿದೆಯು ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಕೊಳವೆ ಬಾವಿಯನ್ನು ಕೊರೆಯುವುದನ್ನು ತಡೆದಿರುವುದು.

ಕಾನೂನಿಗಿಂತ ಮುಖ್ಯವಾದುದು ಗ್ರಾಮಗಳ ಒಡಂಬಡಿಕೆ. ಒಂದೇ ಹಳ್ಳದ ಮೇಲಿನ, ನಡುವಿನ, ಕೆಳಗಿನ ಊರುಗಳಿಂದ ಇಬ್ಬಿಬ್ಬರನ್ನು ಸೇರಿಸಿ, ಅವರಲ್ಲಿ ಭೂಮಿಯಿಲ್ಲದವರೂ ಹೆಂಗಸರೂ ಇರುವಂತೆ ನೋಡಿಕೊಂಡು, ಯುಗಾದಿಯ ನಂತರ ಒಂದು ದಿನ ಹಳ್ಳದ ಉದ್ದಕ್ಕೂ ನಡೆಯತಕ್ಕದ್ದು. ಎಲ್ಲಿ ಕುಸಿದಿದೆ, ಎಲ್ಲಿ ಹೂಳಿದೆ, ಎಲ್ಲಿ ಮರಳು ಹೋಗಿದೆ ಎಂಬುದನ್ನು ಬರೆದುಕೊಂಡು, ಮುಂಗಾರಿಗೆ ಮೊದಲು ಮನೆಗೊಂದಾಳಿನಂತೆ ಕೆಲಸವನ್ನು ಮುಗಿಸಬೇಕು. ಕೆಳಗಿನೂರಿನವರು ಮೇಲಿನೂರಿನ ತಡೆಗಳಿಗೆ ಆಳು ಕೊಡುವುದು ದಾನವಲ್ಲ. ಅದು ತಮ್ಮ ಬಾವಿಗೆ ತಾವು ಹಾಕಿದ ಬಂಡವಾಳ.

ನೆನಪಿನಲ್ಲಿಡತಕ್ಕ ಅಂಶಗಳು

1. ಕೆಲಸವು ಗುಡ್ಡದಿಂದ ಆರಂಭವಾಗಲಿ. ಕೊರಕಲು ಗೇಣುದ್ದವಿರುವಾಗಲೇ ಕಲ್ಲನ್ನು ಇಡಿರಿ.
2. ಇಳಿಜಾರಿಗೆ ಅಡ್ಡಲಾಗಿ ಉಳಿರಿ. ಬದುವಿಗೆ ಕೋಡಿಯನ್ನು ಬಿಡಿರಿ.
3. ದಂಡೆಯ 15 ಅಡಿಯನ್ನು ಹೊಂಗೆ, ಬಿದಿರು, ಲಾವಂಚಗಳಿಗೆ ಬಿಡಿರಿ.
4. ಮರಳನ್ನು ಮಾರಬೇಡಿರಿ, ಮಾರಲು ಬಿಡಬೇಡಿರಿ.
5. ತಿಂಗಳಿಗೊಮ್ಮೆ ನೀರನ್ನು ಅಳೆದು ಬರೆದಿಡಿರಿ. ಅಳತೆಯಂತೆ ಬೆಳೆಯನ್ನು ಇಡಿರಿ.
6. ಹಳ್ಳದ ನೀರಿನಲ್ಲಿ ಎಲ್ಲರಿಗೂ ಪಾಲು, ಹಳ್ಳದ ಕೆಲಸದಲ್ಲಿ ಎಲ್ಲರೂ ಆಳು.

ಹಳ್ಳವು ಒಂದು ವರ್ಷದಲ್ಲಿ ಕೆಡಲಿಲ್ಲ; ಒಂದು ವರ್ಷದಲ್ಲಿ ಸರಿಯಾಗುವುದೂ ಇಲ್ಲ. ಆದರೂ ಮೊದಲನೆಯ ಮಳೆಗಾಲದಲ್ಲಿಯೇ ಕಲ್ಲಿನ ತಡೆಗಳ ಹಿಂದೆ ಮಣ್ಣು ನಿಲ್ಲುವುದನ್ನೂ, ಕೆಲವು ಮಳೆಗಾಲಗಳಲ್ಲಿ ಹಳ್ಳದ ನೀರು ತಿಳಿಯಾಗುವುದನ್ನೂ ಗ್ರಾಮಸ್ಥರು ಕಣ್ಣಾರೆ ಕಾಣಬಹುದು. ಮರಳು ಮತ್ತೆ ಕೂಡುವುದಕ್ಕೆ ಇನ್ನೂ ಹೆಚ್ಚು ಕಾಲ ಹಿಡಿಯುವುದು. ಆದಕಾರಣ, ಯಾವ ಊರ ಹಳ್ಳದಲ್ಲಿ ಮರಳು ಇನ್ನೂ ಉಳಿದಿರುವುದೋ ಆ ಊರಿನವರು ಇಂದೇ ಅದರ ಕಾವಲಿಗೆ ನಿಲ್ಲತಕ್ಕದ್ದು.